ಗೌರಿ ಮಲಗಿದ್ದಾಳೆ

ಗಿಡಕ್ಕೆ ನೀರು ಹಾಕುವವರೆಲ್ಲ ಒಳ್ಳೆಯವರು ಎಂಬ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಇದನ್ನು ಶುರು ಹಚ್ಚಿದವನು ಕಾಳಿದಾಸನೇ ಇರಬೇಕೆಂದು ನನ್ನ ಗುಮಾನಿ. ‘ಅಭಿಜ್ಞಾನ ಶಾಕುಂತಲ’ದ ಮೊದಲ ಅಂಕದಲ್ಲಿ ದುಷ್ಯಂತ ಮರದ ಮರೆಯಲ್ಲಿ ನಿಂತು ಕದ್ದು ನೋಡುವಾಗ ಶಕುಂತಲೆ ಏನು ಮಾಡುತ್ತಿದ್ದಳು ಹೇಳಿ? ಗೆಳತಿಯರ ಜೊತೆ ಗಿಡಗಳಿಗೆ ನೀರು ಹಾಕುತ್ತಿದ್ದಳು. ಅಲ್ಲೊಂದು ಮಲ್ಲಿಗೆ ಬಳ್ಳಿ, ಅದಕ್ಕೆ ವನಜ್ಯೋತ್ಸ್ನೆ ಎಂಬ ಹೆಸರು, ಸಾಲದ್ದಕ್ಕೆ ಒಂದು ಮಾವಿನ ಮರದ ಜೊತೆ ಮದುವೆ. ಮುಂದೆ ಅವಳು ಗಂಡನ ಮನೆಗೆ ಹೊರಟಾಗ, ಮರಗಳಿಗೆ ನೀರುಣಿಸದೆ ತಾನು ಗುಟುಕು ನೀರನ್ನೂ ಮುಟ್ಟದವಳೆಂದೇ ಕಣ್ವರು ಅವಳನ್ನು ನೆನೆಯುತ್ತಾರೆ. ಅಲ್ಲಿಗೆ ಓದಿದವರ ಕಣ್ಣಲ್ಲೂ ನೀರು. ಆದರೆ ಆ ಆಶ್ರಮದ ಪಕ್ಕದಲ್ಲೇ ಮಾಲಿನೀ ನದಿ ಹರಿಯುತ್ತಿತ್ತು ಎಂಬುದು ಯಾರಿಗೂ ನೆನಪಾಗುವುದಿಲ್ಲ. ಶಕುಂತಲೆ ಬೆಂಗಳೂರಿನಲ್ಲಿ ಮನೆ ಮಾಡಿ, ನಲ್ಲಿ ಬರುವ ದಿನ ಸಂಪಿನ ಮುಚ್ಚಳ ತೆಗೆದು ಇಣುಕಿ ನೋಡುವವಳಾಗಿದ್ದರೆ ಕವಿಗೆ ಆ ಮೊದಲ ಅಂಕ ಬರೆಯಲು ಸ್ವಲ್ಪ ಕಷ್ಟವಾಗುತ್ತಿತ್ತು.

ನಮ್ಮ ಮನೆಯಲ್ಲಿ ಶಕುಂತಲೆಯ ಪಾತ್ರ ನನ್ನದಲ್ಲ, ನಮ್ಮನೆಯವರದು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮರುದಿನದಿಂದಲೇ ಅವರು ಹಸಿರು ಪೈಪು ಹಿಡಿದು ತಾರಸಿ ಹತ್ತತೊಡಗಿದರು. ಗಿಡಗಳಿಗೆ ನೀರಾಗದೆ ಕಾಫಿ ಕುಡಿಯುವವರಲ್ಲ. ಕಣ್ವರು ಕಂಡಿದ್ದರೆ ಮೆಚ್ಚುತ್ತಿದ್ದರು. ಗಿಡಗಳು ಮೆಚ್ಚಿದವೋ ಇಲ್ಲವೋ ಹೇಳುವುದು ಕಷ್ಟ. ಕೆಲವಂತೂ ಮೆಚ್ಚಿ ಮೆಚ್ಚಿಯೇ ಬುಡ ಕೊಳೆತು ಹೋದವು. ನಾನೇನು ಕಡಿಮೆಯವಳಲ್ಲ; ನೀರಿನ ಬದಲು ಉಪದೇಶ ಹಾಕುತ್ತೇನೆ. ಓದಿದ್ದು, ಕೇಳಿದ್ದು, ಅರೆಬರೆ ತಿಳಿದಿದ್ದು ಎಲ್ಲವನ್ನೂ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು ಹೇಳುತ್ತೇನೆ. “ನಿನ್ನ ಮಾತಿಗೇ ಅರ್ಧ ತೇವ ಆರಿಹೋಗುತ್ತೆ ಕಣೇ” ಎಂದು ಅವರು ಇನ್ನೊಂದು ಸುತ್ತು ನೀರು ಬಿಡುತ್ತಾರೆ. ದಾಂಪತ್ಯ ಚೆನ್ನಾಗಿಯೇ ನಡೆದಿತ್ತು.

ಹೀಗಿರುವಾಗ 2024ರ ಬೇಸಿಗೆ ಬಂತು. ಆ ಬೇಸಿಗೆಯನ್ನು ಬೆಂಗಳೂರಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಸದ್ದು ಕೇಳಿದರೆ ಜನ ಬಾಗಿಲಿಗೆ ಬರುತ್ತಿದ್ದ ದಿನಗಳು. ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಕಾರಂಜಿಗೆ ಬಳಸಕೂಡದು; ಬಳಸಿದರೆ 5,000 ರೂಪಾಯಿ ದಂಡ. ನಮ್ಮನೆಯವರು ಪತ್ರಿಕೆಯನ್ನು ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತರು. ಜೀವಮಾನದಲ್ಲಿ ಒಂದು ಚೆಕ್ಕಿಗೂ ತಪ್ಪು ಸಹಿ ಹಾಕದ ಮನುಷ್ಯನಿಗೆ ಕ್ರೋಟನ್ ಗಿಡದ ದೆಸೆಯಿಂದ ದಂಡ ತೆರುವ ಯೋಗವೇ ಎಂಬ ಚಿಂತೆ.

ಆದೇಶದಲ್ಲಿ ನ್ಯಾಯ ಇಲ್ಲದಿಲ್ಲ. ಕಾವೇರಿ ಈ ಊರಿಗೆ ತಾನಾಗಿ ಹರಿದು ಬಂದವಳಲ್ಲ. 1974ರಲ್ಲಿ ಮೊದಲ ಹಂತದ ಯೋಜನೆಯಾದಾಗಿನಿಂದ ಅವಳನ್ನು ಎತ್ತಿಕೊಂಡೇ ಬರುತ್ತಿದ್ದೇವೆ. ತೊರೆಕಾಡನಹಳ್ಳಿಯಲ್ಲಿ ಒಮ್ಮೆ ಪಂಪು, ಹಾರೋಹಳ್ಳಿಯಲ್ಲಿ ಮತ್ತೊಮ್ಮೆ, ತಾತಗುಣಿಯಲ್ಲಿ ಮಗದೊಮ್ಮೆ. ಸುಮಾರು ನೂರು ಕಿಲೋಮೀಟರ್ ಪಯಣ ಮಾಡಿ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ನಗರಕ್ಕೆ ಹತ್ತಿ, ನಮ್ಮ ಬೀದಿಯ ಕೊಳವೆಯಲ್ಲಿ ತೆವಳಿ, ಸಂಪಿಗಿಳಿದು, ಮೋಟಾರಿನ ಬಲದಿಂದ ತಾರಸಿ ಸೇರಿ, ಕೊನೆಗೆ ನಮ್ಮನೆಯವರ ಪೈಪಿನ ತುದಿಯಿಂದ ಕ್ರೋಟನ್ ಎಲೆಯ ಮೇಲೆ ಬಿದ್ದು ಕ್ಷಣದಲ್ಲಿ ಆವಿಯಾಗುತ್ತಿದ್ದಳು. ತಲಕಾವೇರಿಯಲ್ಲಿ ಹುಟ್ಟುವಾಗ ಇಂಥ ಅಂತ್ಯವನ್ನು ಪಾಪ ಅವಳು ಎಣಿಸಿರಲಾರಳು.

ಪೈಪು ಮೂಲೆ ಸೇರಿತು. ಅಡುಗೆಮನೆಯಲ್ಲಿ ಬಕೆಟ್ಟು ಬಂತು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಬೇಳೆ ತೊಳೆದ ನೀರು ಎಲ್ಲ ಅದಕ್ಕೆ. ನನ್ನ ತವರಿನಲ್ಲಿ ಇದಕ್ಕೆ ಅಕ್ಕಚ್ಚು ಅನ್ನುತ್ತಾರೆ, ಕೊಟ್ಟಿಗೆಯ ಹಸುಗಳ ಪಾಲು ಅದು. ಇಲ್ಲಿ ಹಸುವಿಲ್ಲದ ಕಾರಣ ದಾಸವಾಳಕ್ಕೆ ಆ ಯೋಗ. ಆದರೆ ಇಬ್ಬರೇ ಇರುವ ಮನೆಯಲ್ಲಿ ಎಷ್ಟು ಅಕ್ಕಿ ತೊಳೆಯಲು ಸಾಧ್ಯ? “ಇವತ್ತು ಸ್ವಲ್ಪ ಹೆಚ್ಚು ಅನ್ನ ಮಾಡೇ, ಗುಲಾಬಿ ಒಣಗ್ತಿದೆ” ಎಂದು ಅವರು ಕೇಳಿದ ದಿನ ಈ ತೋಟ ಹೀಗೆ ಉಳಿಯುವುದಲ್ಲ ಎಂಬುದು ಖಾತ್ರಿಯಾಯಿತು. ಅರ್ಧ ಕುಂಡಗಳನ್ನು ಬಂಧುಬಳಗಕ್ಕೆ ದಾನ ಮಾಡಿದೆವು. ಉಳಿದ ಜಾಗಕ್ಕೆ ನೀರು ಕೇಳದ ಬಳ್ಳಿಯೊಂದು ಬೇಕು, ಹೂ ಬಿಡುವಂಥದ್ದು, ನೆರಳು ಕೊಡದಿದ್ದರೂ ಚಿಂತೆಯಿಲ್ಲ ಎಂದು ನಾನು ಘೋಷಿಸಿದೆ. ಆಗಿಂದ ಶುರುವಾಯಿತು ಸಲಹೆಗಳ ಮಳೆ. ಬೆಂಗಳೂರಿನಲ್ಲಿ ಆ ವರ್ಷ ಸಕಾಲಕ್ಕೆ ಬಂದ ಮಳೆ ಅದೊಂದೇ.

ನಮ್ಮ ಬೀದಿಯ ಬಳ್ಳಿಗಳನ್ನು ನೋಡುತ್ತ ಒಂದು ಸುತ್ತು ಹಾಕಿ ಬಂದರೆ ಭೂಗೋಳದ ಪಾಠವಾಗುತ್ತದೆ. ಮೂಲೆ ಮನೆಯ ಗೇಟಿನ ಮೇಲೆ ಬೋಗನ್‌ವಿಲ್ಲಾ; ಅದರ ಊರು ಬ್ರೆಜಿಲ್, ಹೆಸರು ಹದಿನೆಂಟನೇ ಶತಮಾನದ ಫ್ರೆಂಚ್ ನಾವಿಕನದ್ದು. ಎದುರು ಮನೆಯ ಹಳದಿ ಅಲಮಂಡಾ ಕೂಡ ದಕ್ಷಿಣ ಅಮೆರಿಕದ್ದೇ. ಮೂರನೇ ಮನೆಯ ಕಾಂಪೌಂಡು ತುಂಬ ಗುಲಾಬಿ ಗೊಂಚಲು ಬಿಟ್ಟ ಕೋರಲ್ ವೈನ್, ಮೆಕ್ಸಿಕೊದಿಂದ ಬಂದದ್ದು. ದುಡ್ಡು ಬರಲೆಂದು ಎಲ್ಲರೂ ಬಾಟಲಿಯಲ್ಲಿಟ್ಟಿರುವ ಮನಿ ಪ್ಲಾಂಟು ಪೆಸಿಫಿಕ್ ಸಾಗರದ ಮೊರಿಯಾ ಎಂಬ ಪುಟ್ಟ ದ್ವೀಪದ ಬಡಪಾಯಿ. ಹಾಗೆಂದು ನಾನು ಇವರನ್ನೆಲ್ಲ ಹೊರಗಿನವರೆಂದು ಜರೆಯುವವಳಲ್ಲ. ಮೆಣಸಿನಕಾಯಿ, ಟೊಮೇಟೊ ಎರಡೂ ಆ ಕಡೆಯಿಂದಲೇ ಬಂದವು. ಅವನ್ನು ವಾಪಸು ಕಳಿಸಿ ಸಾರು ಮಾಡುವ ಧೈರ್ಯ ನನಗಿಲ್ಲ. ಬೋಗನ್‌ವಿಲ್ಲಾ ಅಂತೂ ನೀರಿಲ್ಲದೆ ಬದುಕುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೂ ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಗೊತ್ತಿರುವ, ನಮ್ಮ ಬೇಸಿಗೆಯನ್ನು ತಲೆಮಾರುಗಳಿಂದ ಕಂಡಿರುವ ಬಳ್ಳಿಯೇ ಬೇಕೆಂಬ ಹಟ ನನಗೆ ಅಂಟಿತ್ತು.

ಹಟವನ್ನು ಫೋನಿನಲ್ಲಿ ಅಮ್ಮನ ಹತ್ತಿರ ತೋಡಿಕೊಂಡೆ. ಅಮ್ಮ ತೀರ್ಥಹಳ್ಳಿ ಕಡೆಯವಳು, ತೋಟದ ಬಗ್ಗೆ ಮಾತನಾಡುವಾಗ ನನ್ನ ಓದಿಗೆ ಮೂರು ಕಾಸಿನ ಬೆಲೆ ಕೊಡುವುದಿಲ್ಲ. “ಗೌರಿ ಹೂವಿನ ಗೆಡ್ಡೆ ತಗಂಡು ಹೋಗಿ ಹಾಕು” ಎಂದಳು.

“ಅದಕ್ಕೆ ನೀರು ಬೇಡವಾ?”

“ಬೇಲಿಗೆ ಯಾರು ಕೊಡಪಾನ ಹೊತ್ಕಂಡು ಹೋಗಿ ನೀರು ಹಾಕಿದ್ರು ಮಾರಾಯ್ತಿ?”

ಇಲ್ಲವಲ್ಲ! ಚಿಕ್ಕಂದಿನಲ್ಲಿ ಶಾಲೆಗೆ ಹೋಗುವ ದಾರಿಯ ಬೇಲಿಯಲ್ಲಿ ಶ್ರಾವಣ ಬಂತೆಂದರೆ ಕೆಂಪು ಹಳದಿಯ ಆ ಹೂಗಳು ಇಣುಕುತ್ತಿದ್ದವು. ಯಾರು ನೆಟ್ಟರೋ, ಯಾರು ಬೆಳೆಸಿದರೋ, ಕೇಳಿದವರಿಲ್ಲ. ಭಾದ್ರಪದದ ತದಿಗೆಯಂದು ಗೌರಿಯ ಮುಡಿಗೆ ಅದೇ ಹೂ. ಉತ್ತರ ಕನ್ನಡದ ಕಡೆ ಗಣಪತಿಯ ಮೇಲೆ ಕಟ್ಟುವ ಫಲಾವಳಿಯಲ್ಲೂ, ಗೋವಾದವರ ಮಾಟೊಳಿಯಲ್ಲೂ ಕಾಡಿನ ಹಣ್ಣುಕಾಯಿಗಳ ನಡುವೆ ಇದಕ್ಕೊಂದು ಸ್ಥಾನವಿದೆ. ಸಸ್ಯಶಾಸ್ತ್ರದವರು ಗ್ಲೋರಿಯೋಸಾ ಸುಪರ್ಬಾ ಎನ್ನುತ್ತಾರೆ, ವೈದ್ಯರ ಗ್ರಂಥಗಳಲ್ಲಿ ಲಾಂಗಲಿ, ಅಗ್ನಿಶಿಖೆ. ವಿಚಿತ್ರ ನೋಡಿ: ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಲೂ ಇದಿದೆ, ಬಯಲುಸೀಮೆಯ ಕುರುಚಲು ಕಾಡಿನ ಮುಳ್ಳುಪೊದೆಯಲ್ಲೂ ಇದಿದೆ. ಆಫ್ರಿಕದಿಂದ ಹಿಡಿದು ಆಗ್ನೇಯ ಏಷ್ಯಾದವರೆಗೆ ಇದರ ತವರು. ಗುಟ್ಟೆಲ್ಲ ಗೆಡ್ಡೆಯಲ್ಲಿದೆ. ಮಳೆಗಾಲದಲ್ಲಿ ಎದ್ದು, ಹಬ್ಬಿ, ಹೂ ಬಿಟ್ಟು, ಬೀಜ ಕಟ್ಟಿ, ಚಳಿ ಮುಗಿಯುವ ಹೊತ್ತಿಗೆ ನೆಲದ ಮೇಲಿನ ವ್ಯವಹಾರವನ್ನೆಲ್ಲ ಮುಚ್ಚಿ, ಗಂಟನ್ನು ಗೆಡ್ಡೆಯೊಳಗೆ ಇಟ್ಟುಕೊಂಡು ಮಲಗಿಬಿಡುತ್ತದೆ. ಬೇಸಿಗೆ ಎಂಬುದೊಂದು ಇದೆ ಎಂಬುದೇ ಅದಕ್ಕೆ ಗೊತ್ತಿಲ್ಲ.

ಅಮ್ಮ ಎರಡು ಗೆಡ್ಡೆ ಕಟ್ಟಿಕೊಟ್ಟಳು, ತನ್ನ ಹಿತ್ತಿಲದ್ದೇ. ಕಾಡಿನಿಂದ ಕಿತ್ತು ತರಬಾರದು ಎಂಬುದು ಅವಳ ನಿಯಮ. ಔಷಧಿಗೆಂದು ಸಿಕ್ಕಾಪಟ್ಟೆ ಅಗೆದು ಎಷ್ಟೋ ಕಡೆ ಇದು ಅಪರೂಪವಾಗಿದೆ. ಇಂಗ್ಲಿಷಿನ ವಿ ಅಕ್ಷರದ ಆಕಾರ, ಕಂದು ಸಿಪ್ಪೆ, ಮುಟ್ಟಿದರೆ ಮುರಿಯುವಷ್ಟು ನಾಜೂಕು. ಮೊಳಕೆಯೊಡೆಯುವ ಕಣ್ಣು ಇರುವುದು ಕವಲಿನ ತುದಿಯಲ್ಲಿ. ಆ ತುದಿ ಮುರಿದರೆ ಕಥೆ ಮುಗಿಯಿತು. ಹಾಗಾಗಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಅಮ್ಮ ಅದನ್ನು ಬೇರೆ ಚೀಲದಲ್ಲಿ ಹಾಕಿ, ಕೆಂಪು ದಾರ ಕಟ್ಟಿ, ತರಕಾರಿ ಜೊತೆ ಇಡಬೇಡ ಎಂದು ಬಸ್ಸು ಹೊರಡುವವರೆಗೂ ಹೇಳುತ್ತಿದ್ದಳು. ಹೇಳಬೇಕಾದ್ದೇ. ಈ ಗೌರಿ ಬೇರಿನಿಂದ ಹೂವಿನವರೆಗೆ ವಿಷ, ಅದರಲ್ಲೂ ಗೆಡ್ಡೆ. ಗೆಣಸೆಂದು ಬೇಯಿಸಿ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಆಯುರ್ವೇದ ಇದನ್ನು ಉಪವಿಷಗಳ ಪಟ್ಟಿಯಲ್ಲಿ ಇಟ್ಟಿದೆ. ಪುಟ್ಟ ಮಕ್ಕಳು, ಎಲೆ ಜಗಿಯುವ ಬೆಕ್ಕು ನಾಯಿ ಇರುವ ಮನೆಯಲ್ಲಿ ಇದನ್ನು ಕೈಗೆಟುಕುವಂತೆ ಬೆಳೆಸಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ನಮ್ಮ ಮನೆಯಲ್ಲಿ ಎಲೆ ಜಗಿಯುವವರೆಂದರೆ ನಮ್ಮನೆಯವರೊಬ್ಬರೇ, ಅದೂ ವೀಳ್ಯದೆಲೆ ಮಾತ್ರ.

ಕೆಂಪು ಮಣ್ಣು, ಮರಳು, ಹಳೆಯ ಗೊಬ್ಬರ ಸಮಸಮ ಬೆರೆಸಿ, ನೀರು ಬಸಿದು ಹೋಗಲೆಂದು ಕುಂಡದ ತಳಕ್ಕೆ ಹೆಂಚಿನ ಚೂರು ಹಾಕಿ, ಗೆಡ್ಡೆಯನ್ನು ಅಡ್ಡಡ್ಡ ಮಲಗಿಸಿ, ಮೂರು ಬೆರಳಷ್ಟು ಮಣ್ಣು ಮುಚ್ಚಿದೆ. ಮೇಲೆ ಒಣ ಎಲೆ, ತೆಂಗಿನ ನಾರಿನ ಹೊದಿಕೆ. ಆಮೇಲೆ ನಮ್ಮನೆಯವರ ಕಡೆ ತಿರುಗಿ, “ಇನ್ನು ಮಳೆ ಬರೋವರೆಗೆ ಇದಕ್ಕೆ ಒಂದು ಹನಿ ನೀರೂ ಹಾಕಬಾರದು” ಎಂದೆ.

ಅವರ ಮುಖ ನೀವು ನೋಡಬೇಕಿತ್ತು. ನೆಟ್ಟ ಮೇಲೆ ನೀರು ಹಾಕದಿರುವುದು! ನಮ್ಮ ಕಡೆ ಮದುವೆ ಮನೆ ಪಂಕ್ತಿಯಲ್ಲಿ ನೋಡಿದ್ದೀರಲ್ಲ, ಉಂಡು ಸಾಕಾದವರು ಎರಡೂ ಕೈ ಎಲೆಗೆ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತಿದ್ದರೂ ಬಡಿಸುವವರು ಬೆರಳ ಸಂದಿಯಿಂದಲೇ ಪಾಯಸ ಬಿಡುತ್ತಾರೆ. ಮಲಗಿದ ಗೆಡ್ಡೆಗೆ ನೀರು ಹಾಕುವುದು ಆ ಜಾತಿಯ ಪ್ರೀತಿ. ಎಲೆಯಿಲ್ಲ, ಬೇರು ಕೆಲಸ ಮಾಡುತ್ತಿಲ್ಲ, ಕುಡಿಯುವವರು ಯಾರೂ ಇಲ್ಲದ ನೀರು ಗೆಡ್ಡೆಯ ಸುತ್ತ ನಿಂತು ಅದನ್ನು ಕೊಳೆಸುತ್ತದೆ. ಇದನ್ನೆಲ್ಲ ನಾನು ಮೆಟ್ಟಿಲ ಮೇಲೆ ಕೂತು ವಿವರಿಸಿದೆ. ಅವರು ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಒಂದು ಕುಂಡದ ಮಣ್ಣು ಹಸಿಯಾಗಿತ್ತು. ಕೇಳಿದರೆ, “ಒಂದೇ ಒಂದು ಲೋಟ ಕಣೇ, ನಿನ್ನೆ ಸೆಕೆ ಬಹಳ ಇತ್ತಲ್ಲ” ಎಂದರು. ಅದರ ನಂತರವೂ ನನಗೆ ತಿಳಿಯದ ಲೋಟಗಳು ಹೋಗಿರಬೇಕು. ಆ ಗೆಡ್ಡೆ ಏಳಲೇ ಇಲ್ಲ.

ಉಳಿದದ್ದನ್ನು ಕಾಪಾಡಲು ನಾನೊಂದು ಉಪಾಯ ಮಾಡಿದೆ. ರಟ್ಟಿನ ತುಂಡಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಗೌರಿ ಮಲಗಿದ್ದಾಳೆ’ ಎಂದು ಬರೆದು ಕುಂಡಕ್ಕೆ ಸಿಕ್ಕಿಸಿದೆ. ಕೆಳಗೆ ಚಿಕ್ಕದಾಗಿ ‘ನೀರು ಹಾಕಬೇಡಿ’ ಎಂದೂ ಇತ್ತು, ಅದನ್ನು ಯಾರೂ ಓದಲಿಲ್ಲ. ನೀರಿನ ಟ್ಯಾಂಕು ತೊಳೆಯಲು ಬಂದ ಹುಡುಗ ಮೊದಲ ಸಾಲನ್ನಷ್ಟೇ ಓದಿದ. ಸಾಮಾನ್ಯವಾಗಿ ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡೇ ಕೆಲಸ ಮಾಡುವವನು ಅವತ್ತು ತುಟಿ ಪಿಟಕ್ಕೆನ್ನದೆ ಟ್ಯಾಂಕು ಉಜ್ಜಿ, ಮುಚ್ಚಳವನ್ನು ಸದ್ದಾಗದಂತೆ ಇಟ್ಟು, ತುದಿಗಾಲಲ್ಲಿ ಇಳಿದು ಬಂದ. ದುಡ್ಡು ತೆಗೆದುಕೊಳ್ಳುವಾಗ ಮೆಲ್ಲಗೆ, “ಪಾಪು ಇನ್ನೂ ಎದ್ದಿಲ್ವಾ ಮೇಡಂ?” ಎಂದ. ಮಳೆ ಬಂದ ಮೇಲೆ ಏಳ್ತಾಳೆ ಎಂದೆ. ಅವನು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಪಕ್ಕದ ಮನೆಯಲ್ಲಿ ನಿವೃತ್ತ ಇಂಜಿನಿಯರ್ ಒಬ್ಬರಿದ್ದಾರೆ. ಅವರ ತಾರಸಿಯಲ್ಲಿ ಹನಿ ನೀರಾವರಿ ಇದೆ, ಅದಕ್ಕೆ ಟೈಮರ್ ಇದೆ, ಟೈಮರಿಗೆ ಬ್ಯಾಟರಿ ಇದೆ. ಅವರು ಬಂದು ನಮ್ಮ ಬರೀ ಮಣ್ಣಿನ ಕುಂಡವನ್ನು ನಾಲ್ಕೂ ಕಡೆಯಿಂದ ಪರೀಕ್ಷಿಸಿ, “ನಿಮ್ಮದು ಶೂನ್ಯ ನೀರಿನ ತಂತ್ರಜ್ಞಾನ. ಆದರೆ ಗಿಡವೂ ಶೂನ್ಯ ಅಲ್ಲವೇನಮ್ಮಾ?” ಎಂದರು. ಉತ್ತರ ಕೊಡಲು ನನಗೆ ಭರಣಿ ಮಳೆ ಹೋಗಿ ಕೃತ್ತಿಕೆ ಬರಬೇಕಾಯಿತು. ಮೇ ತಿಂಗಳಲ್ಲಿ ಗುಡುಗಿನ ಜೊತೆ ನಾಲ್ಕಾರು ಮಳೆ ಬಿದ್ದವು. ಒಂದು ಬೆಳಿಗ್ಗೆ ನಾರಿನ ಹೊದಿಕೆಯನ್ನು ಸರಿಸಿ ಚೂಪಾದ ಹಸಿರು ಮೊಳಕೆಯೊಂದು ತಲೆ ಎತ್ತಿತ್ತು. ಮೊದಲು ಕಂಡವರು ನಮ್ಮನೆಯವರೇ. “ಎದ್ಲು, ಎದ್ಲು!” ಎಂದು ಅವರು ಕೂಗಿದ ರಭಸಕ್ಕೆ ಇಂಜಿನಿಯರ್ ಕೂಡ ಗೋಡೆಯ ಮೇಲಿಂದ ಇಣುಕಿದರು.

ಎದ್ದ ಮೇಲೆ ಅವಳ ಕಾರ್ಯಭಾರ ಜೋರು. ಈ ಬಳ್ಳಿಯ ಉಪಾಯ ಬೇರೆ ಬಳ್ಳಿಗಳದ್ದಲ್ಲ. ಕಾಂಡ ಸುತ್ತಿಕೊಳ್ಳುವುದಿಲ್ಲ, ಎಲೆಯ ತುದಿಯೇ ಉದ್ದವಾಗಿ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿಯುತ್ತದೆ. ಸಣ್ಣ ಕಡ್ಡಿ, ದಾರ, ತೆಳು ತಂತಿ ಇದ್ದರೆ ಸಂತೋಷ, ದಪ್ಪ ಕಂಬ ಅದರ ಬೆರಳಿಗೆ ದಕ್ಕುವುದಿಲ್ಲ. ಇದು ತಿಳಿಯದೆ ನಮ್ಮನೆಯವರು ಆಸರೆಗೆಂದು ಕಬ್ಬಿಣದ ದಪ್ಪ ಪೈಪು ತಂದು ನೆಟ್ಟರು. ಗೌರಿ ಅದನ್ನು ಸಂಪೂರ್ಣ ಅಲಕ್ಷಿಸಿ, ಪಕ್ಕದಲ್ಲೇ ಇದ್ದ ಬಟ್ಟೆ ಒಣಹಾಕುವ ನೈಲಾನ್ ಹಗ್ಗದ ಕಡೆ ವಾಲಿದಳು. ಆಷಾಢದ ಮಳೆಗೆ ಮೂರು ದಿನವಾದರೂ ಒಣಗದೆ ಹಗ್ಗದ ಮೇಲೆ ನೇತಾಡುತ್ತಿದ್ದ ಅವರ ಜರಿಯಂಚಿನ ಪಂಚೆಯನ್ನು ಎಲೆಗಳು ಎರಡು ಕಡೆ ಬಿಗಿಯಾಗಿ ಹಿಡಿದುಕೊಂಡವು. ಬಿಡಿಸಲು ಹೋದರೆ ಎಲೆ ಹರಿಯುವ ಭಯ. “ಇರಲಿ ಬಿಡು, ಅವಳಿಗೆ ಬೇಕಾಗಿದೆ” ಎಂದು ಅವರು ಉದಾರವಾಗಿ ಹೇಳಿದ್ದೇನೋ ಸರಿ. ಆದರೆ ಅದೇ ವಾರ ಅವರ ಅಣ್ಣನ ಮಗನ ಗೃಹಪ್ರವೇಶ ಇತ್ತು. ಇದ್ದ ಒಂದೇ ಜರಿಪಂಚೆ ಬಳ್ಳಿಯ ವಶದಲ್ಲಿದ್ದದ್ದರಿಂದ ಅವರು ಪ್ಯಾಂಟಿನಲ್ಲೇ ಹೋಮದ ಮುಂದೆ ಕೂತರು. ಕಾರಣ ಕೇಳಿದ ನೆಂಟರಿಗೆ, “ಗೌರಿ ಬಿಡಲಿಲ್ಲ” ಎಂದು ಹೇಳಿ ಇಡೀ ಬಳಗವನ್ನು ಗೊಂದಲಕ್ಕೆ ದೂಡಿದರು.

ಶ್ರಾವಣದಲ್ಲಿ ಮೊಗ್ಗು ಬಂತು. ಹಸಿರು ಮೊಗ್ಗು, ತಲೆ ನೆಲದ ಕಡೆ. ಬಿರಿಯುವಾಗ ಆರು ಎಸಳುಗಳೂ ಹಿಂದಕ್ಕೆ ಬಾಗಿ ಆಕಾಶಕ್ಕೆ ಮುಖ ಮಾಡುತ್ತವೆ, ಅಂಚೆಲ್ಲ ನಿರಿಗೆ. ಬುಡ ಹಳದಿ, ತುದಿ ಕೆಂಪು. ದಿನ ಕಳೆದ ಹಾಗೆ ಹಳದಿ ಕರಗಿ ಇಡೀ ಹೂವು ಕೆಂಪಾಗುತ್ತದೆ. ಒಂದೇ ಬಳ್ಳಿಯಲ್ಲಿ ಇವತ್ತಿನ, ನಿನ್ನೆಯ, ಮೊನ್ನೆಯ ಹೂಗಳು ಬೇರೆ ಬೇರೆ ಬಣ್ಣದಲ್ಲಿರುತ್ತವೆ. ಹೂವಿನ ಶಲಾಕೆ ಬುಡದಲ್ಲೇ ಲಂಬಕೋನಕ್ಕೆ ತಿರುಗಿ ತನ್ನದೇ ಕೇಸರಗಳಿಂದ ದೂರ ಚಾಚಿಕೊಂಡಿರುತ್ತದೆ. ತನ್ನ ಪರಾಗ ತನಗೇ ತಾಗದಿರಲೆಂಬ ಏರ್ಪಾಡು. ಚಿಟ್ಟೆ, ಸೂರಕ್ಕಿಗಳು ಬಂದು ಸಂಬಂಧ ಕುದುರಿಸಬೇಕು. ಪಕ್ಕದ ರಾಜ್ಯದವರಿಗೆ ಇದರ ಮೇಲೆ ನಮಗಿಂತ ಹಳೆಯ ಮೋಹ. ಸಂಗಂ ಕಾಲದ ಕಪಿಲರ್ ‘ಕುರಿಂಜಿಪ್ಪಾಟ್ಟು’ವಿನಲ್ಲಿ 99 ಹೂಗಳ ಹೆಸರನ್ನು ಸಾಲಾಗಿ ಹೇಳುವಾಗ ಮೊದಲನೆಯದು ಇದೇ ಕಾಂದಳ್. ಈಗ ಅದು ತಮಿಳುನಾಡಿನ ರಾಜ್ಯಪುಷ್ಪ. ಜಿಂಬಾಬ್ವೆಯವರಿಗೆ ರಾಷ್ಟ್ರೀಯ ಪುಷ್ಪ. 1947ರಲ್ಲಿ, ಆ ದೇಶ ಇನ್ನೂ ದಕ್ಷಿಣ ರೊಡೇಷಿಯಾ ಆಗಿದ್ದಾಗ, ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್‌ಗೆ ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಅಲ್ಲಿನ ಶಾಲಾಮಕ್ಕಳ ಕಾಣಿಕೆಯಾಗಿ ಬಂದದ್ದು ಇದೇ ಹೂವಿನ ಆಕಾರದ ವಜ್ರದ ಪಿನ್ನು. ನನ್ನ ಅಮ್ಮನಿಗೆ ಇದನ್ನು ಹೇಳಿದೆ. “ವಜ್ರದ್ದು ಬಾಡಲ್ಲ, ಅದೇನು ಚಂದ?” ಎಂದಳು.

ಇಷ್ಟು ವಿಷ ಇರುವ ಬಳ್ಳಿಗೆ ಹುಳದ ಕಾಟ ಇರುವುದಿಲ್ಲ ಎಂದು ನಾನು ನಿಶ್ಚಿಂತೆಯಿಂದಿದ್ದೆ. ಒಂದು ದಿನ ನೋಡಿದರೆ ಎಲೆಗಳ ಮೇಲೆ ಕಂಬಳಿಹುಳಗಳ ಸಂತರ್ಪಣೆ. ಕಪ್ಪು ಮೈ, ಅದರ ಮೇಲೆ ಬಿಳಿ ಚುಕ್ಕೆ, ಕೆಂಪು ಚುಕ್ಕೆ. ಇದೊಂದು ಪತಂಗದ ಮರಿಯಂತೆ. ಅದರ ಶಾಸ್ತ್ರೀಯ ಹೆಸರು ಪಾಲಿಟೆಲಾ ಗ್ಲೋರಿಯೋಸೆ. ಹೆಸರಿನಲ್ಲೇ ನಮ್ಮ ಗೌರಿಯನ್ನು ಬರೆಸಿಕೊಂಡು ಬಂದಿದೆ. ನಮಗೆ ಪ್ರಾಣಾಂತಿಕವಾದದ್ದು ಅದಕ್ಕೆ ದಿನದ ಊಟ. ಇಂಜಿನಿಯರ್ ಔಷಧಿ ಹೊಡೆಯಿರಿ ಎಂದರು. ನಮಗೆ ಮನಸ್ಸಾಗಲಿಲ್ಲ. ಕಡ್ಡಿಯಿಂದ ಒಂದೊಂದನ್ನೇ ಡಬ್ಬಕ್ಕೆ ಹಾಕಿದೆವು, ಸಾಕಷ್ಟು ಎಲೆ ಅದಾಗಲೇ ಹೋಗಿತ್ತು. ಡಬ್ಬ ಕೈಯಲ್ಲಿ ಹಿಡಿದು ನಿಂತಾಗ ಪ್ರಶ್ನೆ ಎದ್ದಿತು: ಇವನ್ನು ಎಲ್ಲಿ ಬಿಡುವುದು? ಈ ಹುಳಕ್ಕೆ ಲಿಲ್ಲಿ ಎಲೆಗಳೂ ಬಲು ಇಷ್ಟ. ಇಂಜಿನಿಯರರ ತಾರಸಿಯಲ್ಲಿ ಟೈಮರಿಗೆ ನೀರು ಕುಡಿದು ಕೊಬ್ಬಿದ ಲಿಲ್ಲಿ ಕುಂಡಗಳ ಸಾಲೇ ಇದೆ. ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಆ ಸಂಜೆ ನನ್ನ ಮನಸ್ಸಿನಲ್ಲಿ ಸುಳಿದ ವಿಚಾರಗಳು ನೆರೆಹೊರೆಯ ಬಾಂಧವ್ಯಕ್ಕೆ ಶೋಭೆ ತರುವಂಥವಲ್ಲ. ಕೊನೆಗೆ ಖಾಲಿ ಸೈಟಿನ ಕಳೆಗಿಡಗಳ ನಡುವೆ ಬಿಟ್ಟುಬಂದೆವು. ಅಲ್ಲಿ ಅವು ಏನು ತಿಂದವೋ, ಅವನ್ನು ಯಾರು ತಿಂದರೋ.

ಈ ನಡುವೆ ನಮ್ಮನೆಯವರ ಬಲಗಾಲಿನ ಹೆಬ್ಬೆರಳು ಒಂದು ರಾತ್ರಿ ಇದ್ದಕ್ಕಿದ್ದಂತೆ ಊದಿಕೊಂಡಿತು. ಹೊದಿಕೆ ತಾಗಿದರೂ ನೋವು. ಡಾಕ್ಟರು ಯೂರಿಕ್ ಆಸಿಡ್ ಹೆಚ್ಚಾಗಿದೆ, ಇದು ಗೌಟ್ ಎಂದು ಮಾತ್ರೆ ಬರೆದರು. ಚೀಟಿಯನ್ನು ಓದಿದವಳು ನಾನು. ಮಾತ್ರೆಯ ಹೆಸರು ಕಾಲ್ಚಿಸಿನ್. ಗೌರಿಯ ಗೆಡ್ಡೆಯಲ್ಲಿ, ಬೀಜದಲ್ಲಿ ಇರುವ ವಿಷವೂ ಅದೇ. 1820ರಲ್ಲಿ ಪೆಲ್ಟಿಯೆ ಮತ್ತು ಕಾವಾಂತು ಎಂಬ ಇಬ್ಬರು ಫ್ರೆಂಚ್ ರಸಾಯನಶಾಸ್ತ್ರಜ್ಞರು ಗೌರಿಯ ದೂರದ ಬಳಗವಾದ ಯುರೋಪಿನ ಕಾಲ್ಚಿಕಮ್ ಗಿಡದಿಂದ ಇದನ್ನು ಬೇರ್ಪಡಿಸಿದರು. ಅದೇ ವರ್ಷ ಮಲೇರಿಯಾದ ಕ್ವಿನೈನ್ ಕೂಡ ಅವರದ್ದೇ ಕೈಚಳಕ. ನಮ್ಮಲ್ಲಿ ತಮಿಳುನಾಡಿನ ಮೂಲನೂರು, ಧಾರಾಪುರಂ, ಒಟ್ಟನ್‌ಚತ್ರಂ ಕಡೆಯ ಒಣಭೂಮಿಯಲ್ಲಿ ರೈತರು ಗೌರಿಯನ್ನು ಹೊಲದ ಬೆಳೆಯಾಗಿಯೇ ಬೆಳೆಯುತ್ತಾರೆ. ಅವರಿಗೆ ಬೇಕಾದದ್ದು ಹೂವಲ್ಲ, ಬೀಜ. ಅದು ಔಷಧ ಕಂಪನಿಗಳಿಗೆ ಹೋಗುತ್ತದೆ. ಬೀಜವಿಲ್ಲದ ಕಲ್ಲಂಗಡಿ ತಿಂದಿದ್ದೀರಲ್ಲ? ಅದರ ತಳಿ ಮಾಡುವಾಗ ವರ್ಣತಂತುಗಳನ್ನು ದುಪ್ಪಟ್ಟು ಮಾಡಲು ಬಳಸುವುದೂ ಇದೇ ಕಾಲ್ಚಿಸಿನ್. ಹಾಗೆಂದು ಯಾರೂ ಗೌರಿ ಗೆಡ್ಡೆ ತೇಯ್ದು ಹೆಬ್ಬೆರಳಿಗೆ ಹಚ್ಚುವ, ನೆಕ್ಕುವ ಸಾಹಸಕ್ಕೆ ಹೋಗಬೇಡಿ. ಮಾತ್ರೆಯಲ್ಲಿ ಅದು ಮಿಲಿಗ್ರಾಂ ಲೆಕ್ಕದಲ್ಲಿರುತ್ತದೆ, ಗೆಡ್ಡೆಗೆ ಲೆಕ್ಕ ಬರುವುದಿಲ್ಲ.

ಎರಡು ದಿನದಲ್ಲಿ ಊತ ಇಳಿಯಿತು. ಕುಂಟುತ್ತ ತಾರಸಿಗೆ ಹೋದವರು ಗೌರಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಒಬ್ಬಳನ್ನು ನೀರು ಹಾಕಿ ಕೊಂದೆ, ಇನ್ನೊಬ್ಬಳ ಬಳಗದವರು ನನ್ನ ಕಾಲು ಉಳಿಸಿದರು ಎಂಬ ಭಾವ ಮುಖದಲ್ಲಿತ್ತೆಂದು ಹೇಳಬೇಕೆಂದಿದೆ. ಆದರೆ ಅವರು ಹೇಳಿದ್ದು, “ಡಾಕ್ಟರು ದಿನಕ್ಕೆ ಮೂರು ಲೀಟರ್ ನೀರು ಕುಡಿಯೋಕೆ ಹೇಳಿದ್ದಾರೆ ಕಣೇ. ಇಷ್ಟು ವರ್ಷ ಗಿಡಕ್ಕೆ ಹಾಕಿದ್ದನ್ನ ನಾನೇ ಕುಡಿದಿದ್ದರೆ ಆಗ್ತಿತ್ತು.” ಕಾಳಿದಾಸನ ಪಾಠ ಅಂದಿಗೆ ತಿರುಗುಮುರುಗಾಯಿತು. ಈಗ ಅವರು ತಾವು ಕುಡಿಯದೆ ಗಿಡಗಳ ಕಡೆ ನೋಡುವುದಿಲ್ಲ.

ಗೌರಿ ಹಬ್ಬಕ್ಕೆ ಸರಿಯಾಗಿ ಬಳ್ಳಿ ತುಂಬ ಹೂವಿತ್ತು. ಬೆಂಗಳೂರಿನ ಮಾರುಕಟ್ಟೆಯಲ್ಲಿ ಹಬ್ಬದ ಹಿಂದಿನ ದಿನ ಹೂವಿನ ದರ ಕೇಳಿದವರಿಗೆ ಇದರ ಬೆಲೆ ತಿಳಿಯುತ್ತದೆ. ಬಾಗಿನ ಕೊಡಲು ಬಂದ ಅಕ್ಕಪಕ್ಕದವರು ಎಲ್ಲಿಂದ ತಂದಿರಿ ಎಂದು ಕೇಳಿದರು. ಹೇಗೆ ಬೆಳೆಸಿದಿರಿ ಎಂದೂ ಕೇಳಿದರು. ಇದಕ್ಕೇ ಕಾಯುತ್ತಿದ್ದ ನಾನು ಬೆಳೆಯುವ ತಿಂಗಳುಗಳಲ್ಲಿ ತೇವ ಬೇಕು, ಅದನ್ನು ಬಹುಪಾಲು ಮಳೆಯೇ ನೋಡಿಕೊಳ್ಳುತ್ತದೆ, ಮಳೆ ವಾರಗಟ್ಟಲೆ ಕೈಕೊಟ್ಟರೆ ಮಾತ್ರ ಅಕ್ಕಿ ತೊಳೆದ ನೀರು ಸಾಕು, ತಲೆಗೆ ಬಿಸಿಲು ಬುಡಕ್ಕೆ ನೆರಳು, ಬೀಜದಿಂದಾದರೆ ಹೂ ಕಾಣಲು ಮೂರು ನಾಲ್ಕು ವರ್ಷ, ಗೆಡ್ಡೆಯಿಂದಾದರೆ ಅದೇ ವರ್ಷ ಎಂದೆಲ್ಲ ಮೊರದ ಬಾಗಿನ ಕೈಯಲ್ಲಿ ಹಿಡಿದವರನ್ನು ನಿಲ್ಲಿಸಿಕೊಂಡೇ ಹೇಳಿದೆ. ಅವರಿಗೆ ಇನ್ನೂ ನಾಲ್ಕು ಮನೆ ಇತ್ತು.

ದೀಪಾವಳಿ ಕಳೆದದ್ದೇ ಎಲೆ ಹಳದಿಯಾಗತೊಡಗಿತು. ಕಾಯಿ ಒಣಗಿ ಮೂರು ಸೀಳಾಗಿ ಒಡೆದು ಒಳಗೆ ಕೆಂಪು ಬೀಜಗಳ ಸಾಲು ಕಾಣಿಸಿತು. ನಮ್ಮನೆಯವರ ಕೈ ತಾನಾಗಿ ಪೈಪಿನ ಕಡೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು. ಒಣಗುವ ಗಿಡವನ್ನು ಕಂಡು ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಗಿಡ ಪ್ರೀತಿಸುವವರಿಗೇ ಗೊತ್ತು. ಅದು ಸಾಯುತ್ತಿಲ್ಲ, ನಿದ್ದೆಗೆ ಹಾಸಿಗೆ ಹಾಸಿಕೊಳ್ಳುತ್ತಿದೆ ಎಂದು ನಂಬಬೇಕು; ನಂಬಿ ಕೈಕಟ್ಟಬೇಕು. ಕಡಿಮೆ ನೀರಿನ ತೋಟವೆಂದರೆ ಹನಿ ಪೈಪು, ಟೈಮರು, ಪಾಪಸುಕಳ್ಳಿ ಎಂದೆಲ್ಲ ನಾನೂ ಅಂದುಕೊಂಡಿದ್ದೆ. ಮುಕ್ಕಾಲು ಪಾಲು ಅದು ತೋಟ ಮಾಡುವವರ ಕೈಯ ತುರಿಕೆಗೆ ಮಾಡುವ ಚಿಕಿತ್ಸೆ. ಬೇಲಿಯ ಮೇಲಿನ ಬಳ್ಳಿಗೆ ಅಮ್ಮ ಎಂದೂ ನೀರು ಹಾಕಲಿಲ್ಲ. ಆದರೆ ಬೇಸಿಗೆಯಲ್ಲಿ ಬೇಲಿ ಕಟ್ಟಲು ಬಂದ ಆಳುಗಳಿಗೆ, ಅಲ್ಲಿ ಗುದ್ದಲಿ ಹಾಕಬೇಡಿ, ಕೆಳಗೆ ಗೌರಿ ಇದ್ದಾಳೆ ಎಂದು ಪ್ರತಿ ವರ್ಷ ಹೇಳುತ್ತಿದ್ದಳು. ಇದೂ ಒಂದು ಆರೈಕೆ ಎಂದು ನನಗೆ ಆಗ ಹೊಳೆದಿರಲಿಲ್ಲ.

ಕಾಂಡ ಪೂರ್ತಿ ಒಣಗಿದ ಮೇಲೆ ಕುಂಡ ಬಗ್ಗಿಸಿ ನೋಡಿದೆವು. ನೆಟ್ಟ ಗೆಡ್ಡೆ ಸವೆದು ಹೋಗಿ, ಅದರ ಜಾಗದಲ್ಲಿ ಹೊಸ ಕವಲು ಗೆಡ್ಡೆ ಬೆಳೆದು ಕೂತಿತ್ತು. ಈಗೀಗ ಅದರ ಸಂಸಾರ ಬೆಳೆದಿದೆ, ಹಂಚಲು ಒಂದೆರಡು ಉಳಿಯುತ್ತವೆ. ಬೇಕಿದ್ದವರು ಸಂಕ್ರಾಂತಿ ಆದ ಮೇಲೆ, ಯುಗಾದಿಯ ಒಳಗೆ ಬನ್ನಿ. ಅವಳು ಏಳುವ ಮೊದಲೇ ಕಳಿಸಿಕೊಡಬೇಕು. ತರಕಾರಿ ಚೀಲ ತರಬೇಡಿ, ಬೇರೆ ಚೀಲ ತನ್ನಿ. ಹಿಂದಿನ ಸಾರಿ ಇಂಜಿನಿಯರ್ ಕೂಡ ಒಂದು ಒಯ್ದಿದ್ದಾರೆ. ಆ ಕುಂಡಕ್ಕೆ ಹೋಗುವ ಹನಿ ಪೈಪಿಗೆ ಬಿರಡೆ ಹಾಕಿದ್ದೇನೆ ಎಂದು ಅವರು ಮಾತು ಕೊಟ್ಟ ಮೇಲೆಯೇ ನಮ್ಮನೆಯವರು ಗೆಡ್ಡೆ ಕೈಬಿಟ್ಟದ್ದು. ಆದರೂ ನಂಬಿಕೆ ಸಾಲದು ಇವರಿಗೆ. ದಿನಾ ಬೆಳಿಗ್ಗೆ ನೀರಿನ ಲೋಟ ಹಿಡಿದು ಗೋಡೆಯ ಬಳಿ ಹೋಗಿ, ಪಕ್ಕದ ಮನೆಯ ಕುಂಡದ ಮಣ್ಣು ಒಣಗಿದೆಯೋ ಇಲ್ಲವೋ ಎಂದು ಕತ್ತು ಚಾಚಿ ನೋಡುತ್ತಾರೆ. ಒಣಗಿದ್ದರೆ ಸಮಾಧಾನದಿಂದ ಲೋಟದ ನೀರನ್ನು ತಾವೇ ಕುಡಿದು ಇಳಿದು ಬರುತ್ತಾರೆ.